ಎಕ್ಸಲೇಟರ್ ಕೊಟ್ಟಾಗ ಮುಗ್ಗರಿಸುವ ಗಾಡಿಗೆ ಹದಿನಾಲ್ಕು ಸೂತ್ರಗಳು

ಮಳೆಗಾಲ ಮುಗಿದು ಅಕ್ಟೋಬರ್ ಬಂತೆಂದರೆ ದಾಂಡೇಲಿ, ಗಣೇಶಗುಡಿ ಭಾಗದ ರೆಸಾರ್ಟ್‌ಗಳಲ್ಲಿ ಟಾರ್ಪಾಲು ಸರಿಸಿ ನಾಲ್ಕು ಗಾಲಿಯ ಎಟಿವಿಗಳನ್ನು ಹೊರಗೆಳೆಯುತ್ತಾರೆ. ತಿಂಗಳುಗಟ್ಟಲೆ ನಿಂತಿದ್ದ ಹಳೆಯ ಜಿಪ್ಸಿಗಳೂ ಅದೇ ಹೊತ್ತಿಗೆ ಎಚ್ಚರಾಗುತ್ತವೆ. ಆಮೇಲೆ ಗ್ಯಾರೇಜುಗಳಲ್ಲಿ ಕೇಳಿಬರುವ ದೂರು ಒಂದೇ: “ಕಾಕಾ, ಸ್ಟಾರ್ಟ್ ಆಕ್ಕೈತಿ, ಐಡಲ್‌ನ್ಯಾಗ ಚಲೋ ನಿಲ್ತೈತಿ. ಎಕ್ಸಲೇಟರ್ ಕೊಟ್ರ ಮಾತ್ರ ಬುಸ್ ಅಂದು ಕುಂದ್ರತೈತಿ.” ಮಿಸ್ತ್ರಿ ತಲೆ ಎತ್ತದೆಯೇ ಹೇಳುತ್ತಾನೆ: “ಕಾರ್ಬೊರೇಟರ್ ಬಿಚ್ಚಬೇಕಲೇ.”

ಬಿಚ್ಚುವ ಅಗತ್ಯ ಬಹಳ ಸಲ ಇರುವುದಿಲ್ಲ. ಬಿಚ್ಚಿದರೂ ಯಾವುದಕ್ಕಾಗಿ ಬಿಚ್ಚುತ್ತಿದ್ದೇವೆ ಎಂದು ಮೊದಲೇ ಗೊತ್ತಿರಬೇಕು. ಕೆಳಗಿನ ಸೂತ್ರಗಳು ಕಾರ್ಬೊರೇಟರ್ ಇರುವ ಪೆಟ್ರೋಲ್ ಎಂಜಿನ್ನಿಗೆ ಮಾತ್ರ: ಚಿಕ್ಕ ಎಟಿವಿ, ಹಳೆಯ ಜಿಪ್ಸಿ, ಗೌಳಿವಾಡಗಳಿಂದ ಹಾಲಿನ ಕ್ಯಾನು ಹೊತ್ತು ಬರುವ ಹಳೆಯ ಬೈಕು. ಬೊಲೆರೊ, ಕಮಾಂಡರ್‌ನಂಥ ಡೀಸೆಲ್ ಗಾಡಿಗಳಿಗೆ ಕಾರ್ಬೊರೇಟರೇ ಇಲ್ಲ. ಏಪ್ರಿಲ್ 2020ರಲ್ಲಿ ಬಿಎಸ್6 ನಿಯಮ ಬಂದ ಮೇಲಿನ ಬೈಕುಗಳಲ್ಲಿ ಬಹುಪಾಲು ಇಂಜೆಕ್ಷನ್ನಿನವು, ಅವುಗಳ ಕಥೆ ಬೇರೆ.

1. ಸ್ಕ್ರೂಡ್ರೈವರ್ ಕೆಳಗಿಡಿ, ಗಾಡಿ ಎಲ್ಲಿ ಮುಗ್ಗರಿಸುತ್ತದೆ ನೋಡಿ

“ಪಿಕಪ್ ಇಲ್ಲ” ಎಂದರೆ ಏನೂ ಹೇಳಿದಂತಾಗಲಿಲ್ಲ. ಕಾರ್ಬೊರೇಟರಿನಲ್ಲಿ ಒಂದೊಂದು ಭಾಗಕ್ಕೂ ಒಂದೊಂದು ಪಾಳಿ ಇದೆ. ಸ್ಲೈಡ್ ಇರುವ ಚಿಕ್ಕ ಕಾರ್ಬೊರೇಟರ್‌ಗಳಲ್ಲಿ ಎಕ್ಸಲೇಟರ್ ಮುಚ್ಚಿದ್ದಾಗಿನಿಂದ ಎಂಟರಲ್ಲಿ ಒಂದು ಭಾಗ ತೆರೆಯುವವರೆಗೆ ಪೈಲಟ್ ಜೆಟ್ ಮತ್ತು ಮಿಕ್ಶ್ಚರ್ ಸ್ಕ್ರೂ ಕೆಲಸ ಮಾಡುತ್ತವೆ. ಅಲ್ಲಿಂದ ಕಾಲು ಭಾಗದವರೆಗೆ ಸ್ಲೈಡಿನ ಅಡಿಯ ಓರೆ ಕೊರೆತದ್ದು. ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್‌ನದ್ದು. ಅದರಾಚೆ ಮೇನ್ ಜೆಟ್. ಗಡಿಗಳು ಒಂದರೊಳಗೊಂದು ಸೇರಿಕೊಂಡಿರುತ್ತವೆ, ಆದರೂ ಲೆಕ್ಕ ತಪ್ಪುವುದಿಲ್ಲ.

ಹೀಗೆ ಮಾಡಿ. ಎಕ್ಸಲೇಟರ್ ಹಿಡಿಕೆಗೋ ಲಿವರಿಗೋ ಬಿಳಿ ಟೇಪು ಸುತ್ತಿ. ಮುಚ್ಚಿದ ಸ್ಥಿತಿ, ಕಾಲು, ಅರ್ಧ, ಮುಕ್ಕಾಲು ಎಂದು ಪೆನ್ನಿನಲ್ಲಿ ಗೀಟು ಎಳೆಯಿರಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ನಿಮ್ಮ ಹೊಲದ ದಾರಿಯಲ್ಲೋ ರೆಸಾರ್ಟಿನ ಅಂಗಳದಲ್ಲೋ ಒಂದೊಂದು ಗೀಟಿನಲ್ಲಿ ಎಕ್ಸಲೇಟರ್ ಹಿಡಿದು ಓಡಿಸಿ. ಹುಲಿ ಸಂರಕ್ಷಿತ ಪ್ರದೇಶದ ಕಾಡುದಾರಿ ಇಂಥ ಪರೀಕ್ಷೆಗಲ್ಲ. ಯಾವ ಗೀಟಿನಲ್ಲಿ ಗಾಡಿ ತಡವರಿಸಿತೋ ಅಲ್ಲಿಗೆ ಅರ್ಧ ಕೆಲಸ ಮುಗಿಯಿತು. ಕಾಲು ಗೀಟಿನೊಳಗೇ ಮುಗ್ಗರಿಸುವ ಗಾಡಿಗೆ ಮೇನ್ ಜೆಟ್ ಬದಲಿಸಿ ದುಡ್ಡು ಕಳೆದುಕೊಳ್ಳುವವರು ಬೇಕಾದಷ್ಟಿದ್ದಾರೆ.

2. ಸದ್ದು ಏರಿ ಗಾಡಿ ಏರದಿದ್ದರೆ ಕಾರ್ಬೊರೇಟರನ್ನು ಬಿಟ್ಟುಬಿಡಿ

ಎಂಜಿನ್ ಕಿರುಚುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ ಎಂದಾದರೆ ಅದು ಕ್ಲಚ್ಚಿನದೋ ಬೆಲ್ಟಿನದೋ ದೋಷ. ಬೆಲ್ಟ್ ಇರುವ ಎಟಿವಿ ನೀರಿಗಿಳಿದು ಬಂದರೆ ಒದ್ದೆ ಬೆಲ್ಟ್ ಜಾರುತ್ತದೆ. ಒಣಗಲು ಬಿಡಿ. ಸದ್ದೇ ಸತ್ತುಹೋದರೆ ಮಾತ್ರ ಮುಂದೆ ಓದಿ.

3. ಚೋಕ್ ಎಳೆದು ಕೇಳಿ

ಇದಕ್ಕಿಂತ ಅಗ್ಗದ ಪರೀಕ್ಷೆ ಇನ್ನೊಂದಿಲ್ಲ. ಬಿಸಿ ಎಂಜಿನ್ನಿನಲ್ಲಿ ಗಾಡಿ ಮುಗ್ಗರಿಸುವಾಗ ಚೋಕ್ ಅರ್ಧ ಎಳೆಯಿರಿ. ಗಾಡಿ ಸುಧಾರಿಸಿದರೆ ಪೆಟ್ರೋಲ್ ಕಡಿಮೆ ಬರುತ್ತಿದೆ, ಅಥವಾ ಎಲ್ಲಿಂದಲೋ ಹೆಚ್ಚು ಗಾಳಿ ನುಗ್ಗುತ್ತಿದೆ. ಇನ್ನಷ್ಟು ಕೆಟ್ಟು ಕರಿ ಹೊಗೆ ಬಿಟ್ಟರೆ ಪೆಟ್ರೋಲೇ ಹೆಚ್ಚಾಗಿದೆ. ಎರಡೂ ಆಗದಿದ್ದರೆ ನೇರವಾಗಿ 11ನೇ ಸೂತ್ರಕ್ಕೆ ಹೋಗಿ ಸ್ಪಾರ್ಕ್ ನೋಡಿ.

ತಟ್ಟನೆ ಎಕ್ಸಲೇಟರ್ ಕೊಟ್ಟಾಗ ಮಾತ್ರ ತೊಂದರೆ ಏಕೆ ಎಂದು ಕೇಳುವವರಿಗೆ: ಗಾಳಿ ಹಗುರ, ಕೂಡಲೇ ಒಳಗೆ ನುಗ್ಗುತ್ತದೆ. ಪೆಟ್ರೋಲ್ ಭಾರ, ಹಿಂದೆ ಬೀಳುತ್ತದೆ. ಆ ಕ್ಷಣಕ್ಕೆ ಮಿಶ್ರಣ ತೆಳುವಾಗುತ್ತದೆ. ಒಳ್ಳೆಯ ಸ್ಥಿತಿಯ ಕಾರ್ಬೊರೇಟರ್ ಈ ಕೊರತೆಯನ್ನು ಗೊತ್ತಾಗದಂತೆ ತುಂಬಿಕೊಡುತ್ತದೆ. ಸ್ವಲ್ಪ ಕಸ ಕಟ್ಟಿದರೂ ಮೊದಲು ಸಿಕ್ಕಿಬೀಳುವುದು ಇಲ್ಲೇ.

4. ಬೌಲಿನಲ್ಲಿರುವುದು ಪೆಟ್ರೋಲೇ ಎಂದು ಖಾತ್ರಿ ಮಾಡಿಕೊಳ್ಳಿ

ನಮ್ಮ ಸೀಮೆಯಲ್ಲಿ ಅತಿ ಮುಖ್ಯವಾದ ಸೂತ್ರ ಇದು. ಜೊಯಿಡಾದ ಮಳೆ ಎಂಥದ್ದೆಂದು ಹೇಳಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿನಲ್ಲಿ ನಿಂತ ಗಾಡಿಯ ಟ್ಯಾಂಕಿನೊಳಗೂ ತೇವ ಇಳಿಯುತ್ತದೆ. ಈಗ ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಹಳಿಯಾಳದವರಿಗಂತೂ ಎಥೆನಾಲ್ ದೂರದ ವಸ್ತುವಲ್ಲ, ಅದು ಕಬ್ಬಿನ ಕಾಕಂಬಿಯಿಂದಲೂ ತಯಾರಾಗುತ್ತದೆ. ಎಥೆನಾಲ್‌ಗೆ ನೀರೆಂದರೆ ಪ್ರೀತಿ. ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಮಿತಿ ಮೀರಿದಾಗ ನೀರು ಮತ್ತು ಎಥೆನಾಲ್ ಎರಡೂ ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರುತ್ತವೆ. ಕಾರ್ಬೊರೇಟರಿನ ಅಡಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬೌಲಿನ ತಳದಲ್ಲಿ ಏನಿದೆ? ಮೇನ್ ಜೆಟ್ಟಿನ ಬಾಯಿ.

ಬೌಲಿನ ಅಡಿಯಲ್ಲಿ ಡ್ರೇನ್ ಸ್ಕ್ರೂ ಇರುತ್ತದೆ. ಎಂಜಿನ್ ತಣ್ಣಗಿರುವಾಗ, ಬೀಡಿ–ಬೆಂಕಿ ದೂರವಿಟ್ಟು, ಅದನ್ನು ಸಡಿಲಿಸಿ ಒಂದು ಗಾಜಿನ ಲೋಟಕ್ಕೆ ಇಳಿಸಿ. ಲೋಟವನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಓರೆ ಮಾಡಿ. ನೀರಿದ್ದರೆ ತಳದಲ್ಲಿ ಮಣಿಯಂತೆ ಉರುಳಾಡುತ್ತದೆ, ಪೆಟ್ರೋಲಿನ ಜೊತೆ ಸೇರುವುದಿಲ್ಲ. ಕಂದು ಬಣ್ಣದ ಪುಡಿ ಕೂತರೆ ಟ್ಯಾಂಕಿನ ತುಕ್ಕು. ಬಿಳಿ ಹಿಟ್ಟಿನಂಥದ್ದು ಕಂಡರೆ ನೀರಿನಿಂದ ಬೌಲಿನ ಅಲ್ಯುಮಿನಿಯಮ್ಮೇ ಸವೆಯುತ್ತಿದೆ. ಹುಳಿ ವಾಸನೆಯ, ಅಂಟಂಟಾದ ಹಳದಿ ದ್ರವ ಬಂದರೆ ಹಳೆಯ ಪೆಟ್ರೋಲ್ ರಾಳವಾಗಿದೆ. ಈ ನಾಲ್ಕರಲ್ಲಿ ಒಂದು ಕಂಡರೂ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ ಹೊಸ ಪೆಟ್ರೋಲ್ ಹಾಕಿದ ಮೇಲೆಯೇ ಮುಂದಿನ ಮಾತು. ಹಳೆಯದರ ಮೇಲೆ ಹೊಸದು ಸುರಿದರೆ ಎರಡೂ ಕೆಡುತ್ತವೆ.

ಇನ್ನೊಂದು ಲೆಕ್ಕ. ಬರಿ ಪೆಟ್ರೋಲಿನ ಒಂದು ಪಾಲು ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಶೇ 20 ಎಥೆನಾಲ್ ಇದ್ದರೆ 13.5ರ ಆಸುಪಾಸು ಸಾಕು. ಅಂದರೆ ಹಳೆಯ ಪೆಟ್ರೋಲಿಗೆಂದು ಕೊರೆದ ಜೆಟ್ ಹೊಸ ಪೆಟ್ರೋಲಿಗೆ ಸ್ವಲ್ಪ ಚಿಕ್ಕದು. ಎಲ್ಲವೂ ಸ್ವಚ್ಛವಿದ್ದೂ ಮಧ್ಯದ ಗೀಟುಗಳಲ್ಲಿ ಗಾಡಿ ತೆಳುವಾಗಿ ಓಡುತ್ತಿದ್ದರೆ ನೀಡಲ್‌ನ ಕ್ಲಿಪ್ಪನ್ನು ಒಂದು ಗೆರೆ ಕೆಳಕ್ಕೆ ಹಾಕಿ. ನೀಡಲ್ ಅಷ್ಟು ಮೇಲೆ ನಿಲ್ಲುತ್ತದೆ, ಪೆಟ್ರೋಲ್ ಅಷ್ಟು ಹೆಚ್ಚು ಬರುತ್ತದೆ. ಕೆಲವು ನೀಡಲ್‌ಗಳಿಗೆ ಗೆರೆಗಳೇ ಇರುವುದಿಲ್ಲ, ಅಲ್ಲಿ ಈ ದಾರಿ ಇಲ್ಲ.

5. ಟ್ಯಾಂಕಿನಿಂದ ಬೌಲಿನವರೆಗೆ ಹಾದಿ ತೆರವಿದೆಯೇ?

ಸ್ವಲ್ಪ ದೂರ ಚೆನ್ನಾಗಿ ಓಡಿ ಆಮೇಲೆ ಕುಂಟುವ ಗಾಡಿಯ ಟ್ಯಾಂಕಿನ ಮುಚ್ಚಳ ತೆರೆಯಿರಿ. ಉಸ್ಸೆಂದು ಗಾಳಿ ಎಳೆದುಕೊಂಡು ಮತ್ತೆ ಸರಿಯಾಗಿ ಓಡಿದರೆ ಮುಚ್ಚಳದ ಗಾಳಿತೂತು ಕೆಸರಿನಿಂದ ಮುಚ್ಚಿದೆ. ಖರ್ಚು ಸೊನ್ನೆ. ಆಗದಿದ್ದರೆ ಕಾರ್ಬೊರೇಟರಿಗೆ ಬರುವ ಪೈಪು ಕಳಚಿ, ಕಾಕ್ ತೆರೆದು, ಪೆಟ್ರೋಲನ್ನು ಬಾಟಲಿಗೆ ಬಿಡಿ. ಧಾರೆ ಎಡೆಬಿಡದೆ ಬೀಳಬೇಕು. ತೊಟ್ಟಿಕ್ಕಿದರೆ ಕಾಕ್‌ನೊಳಗಿನ ಜಾಳಿಗೆ ಅಥವಾ ಪೆಟ್ರೋಲ್ ಫಿಲ್ಟರ್ ಕಟ್ಟಿದೆ. ಕಾಕ್ ಇಲ್ಲದ ಜಿಪ್ಸಿಯಲ್ಲಿ ಮೆಕ್ಯಾನಿಕಲ್ ಪಂಪು ಈ ಕೆಲಸ ಮಾಡುತ್ತದೆ. ಏಪ್ರಿಲ್–ಮೇ ಬಿಸಿಲಲ್ಲಿ ಸಾವಕಾಶ ಏರುತ್ತಿರುವಾಗ ಪೈಪಿನೊಳಗೆ ಪೆಟ್ರೋಲ್ ಆವಿಯಾಗಿ ಪಂಪಿಗೆ ಸಿಗದೆ ಗಾಡಿ ಮುಗ್ಗರಿಸುವುದುಂಟು. ನೆರಳಲ್ಲಿ ಬಾನೆಟ್ ಎತ್ತಿ ನಿಲ್ಲಿಸಿ, ತಣ್ಣಗಾದ ಮೇಲೆ ತಾನೇ ಸರಿಹೋದರೆ ಕಾರಣ ಅದೇ.

6. ಏರ್ ಫಿಲ್ಟರ್

ಮುಂಡಗೋಡದ ಮೆಕ್ಕೆಜೋಳದ ಹೊಲದ ದಾರಿಯಲ್ಲಿ ಫೆಬ್ರುವರಿಯ ಕೆಂಪು ಧೂಳು ಕಂಡವರಿಗೆ ವಿವರಿಸಬೇಕಿಲ್ಲ. ಫೋಮ್ ಫಿಲ್ಟರನ್ನು ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ, ಚೆನ್ನಾಗಿ ಹಿಂಡಿ. ಎಣ್ಣೆ ಸುರಿಯುವಂತಿದ್ದರೆ ಅದೇ ಹೊಸ ತೊಂದರೆ. ಫಿಲ್ಟರ್ ತೆಗೆದೇ ಓಡಿಸಿದರೆ ಪಿಕಪ್ ಬರುತ್ತದೆ ಎನ್ನುವ ಮಾತಿಗೆ ಕಿವಿಗೊಡಬೇಡಿ. ಮಿಶ್ರಣ ತೆಳುವಾಗುತ್ತದೆ, ಧೂಳು ಪಿಸ್ಟನ್ನನ್ನು ತಿನ್ನುತ್ತದೆ.

7. ಕಳ್ಳಗಾಳಿ ಹುಡುಕಿ

ಕಾರ್ಬೊರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಮ್ಯಾನಿಫೋಲ್ಡ್ ಬಿರುಕು ಬಿಟ್ಟರೆ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತದೆ. ಲಕ್ಷಣ ಸ್ಪಷ್ಟ: ಐಡಲ್ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ, ಎಕ್ಸಲೇಟರ್ ಬಿಟ್ಟರೂ ಸದ್ದು ಬೇಗ ಇಳಿಯುವುದಿಲ್ಲ. ಐಡಲ್‌ನಲ್ಲಿ ಓಡುತ್ತಿರುವಾಗ ಕೀಲುಗಳ ಸುತ್ತ ಸೋಪಿನ ನೀರು ಸಿಂಪಡಿಸಿ. ಸದ್ದು ಬದಲಾದ ಜಾಗವೇ ತೂತು. ಪೆಟ್ರೋಲ್ ಸಿಂಪಡಿಸಿ ನೋಡುವ ಧೈರ್ಯವಂತರೂ ಇದ್ದಾರೆ. ಪಕ್ಕದಲ್ಲೇ ಕಾದ ಸೈಲೆನ್ಸರ್ ಇರುತ್ತದೆ, ಬೇಡ.

8. ಪೈಲಟ್ ಜೆಟ್ಟಿಗೆ ಕೈ ಹಾಕುವ ಮುನ್ನ

ಮುಗ್ಗರಿಸುವುದು ಮೊದಲ ಕಾಲು ಗೀಟಿನೊಳಗೆ, ಚೋಕ್ ಎಳೆದರೆ ವಾಸಿ, ಕಳ್ಳಗಾಳಿ ಇಲ್ಲ: ಈ ಮೂರೂ ಸೇರಿದರೆ ಪೈಲಟ್ ಜೆಟ್ ಕಟ್ಟಿದೆ ಎಂದೇ ತಿಳಿಯಿರಿ. ತಿಂಗಳುಗಟ್ಟಲೆ ನಿಂತ ಗಾಡಿಗೆ ಇದೇ ಮೊದಲ ಶಂಕೆ. ಅದರ ತೂತು ದಪ್ಪ ಕೂದಲೆಳೆಯಷ್ಟು. ರಾಳದ ಒಂದು ಪದರ ಸಾಕು, ಅರ್ಧ ಮುಚ್ಚುತ್ತದೆ.

ಮೊದಲ ಅಪಾಯ ಸ್ಕ್ರೂ ಬಿಚ್ಚುವಾಗಲೇ ಇದೆ. ಮಿಕುನಿ, ಕೈಹಿನ್‌ನಂಥ ಜಪಾನಿ ಕಾರ್ಬೊರೇಟರ್‌ಗಳ ಸ್ಕ್ರೂ ನೋಡಲು ನಮ್ಮ ಪ್ಲಸ್ ಸ್ಕ್ರೂವಿನಂತೆಯೇ ಇದ್ದರೂ ಅದರ ಅಳತೆ ಬೇರೆ. ಸಾಮಾನ್ಯ ಸ್ಕ್ರೂಡ್ರೈವರ್ ಜಾರಿ ತಲೆ ಸವೆದುಹೋಗುತ್ತದೆ. ಜಪಾನಿ ಅಳತೆಯ ಮೊನೆ ಒಂದು ಕೊಂಡಿಟ್ಟುಕೊಳ್ಳಿ. ಜೆಟ್ ಹಿತ್ತಾಳೆಯದು, ಮೆತ್ತಗಿನ ಲೋಹ. ಅದರ ತಲೆಯ ಸೀಳಿಗೆ ಸರಿ ಹೊಂದುವ ಚಪ್ಪಟೆ ಸ್ಕ್ರೂಡ್ರೈವರ್ ಹಾಕಿ, ಒತ್ತಿ ಹಿಡಿದು, ಒಂದೇ ಬಾರಿಗೆ ತಿರುಗಿಸಿ.

ತೆಗೆದ ಜೆಟ್ಟನ್ನು ಬೆಳಕಿಗೆ ಹಿಡಿಯಿರಿ. ತೂತು ದುಂಡಗೆ ಹೊಳೆಯಬೇಕು. ಚಂದ್ರಕಲೆಯಂತೆ ಕಂಡರೂ ಸಾಲದು. ಕಾರ್ಬ್ ಕ್ಲೀನರ್‌ನಲ್ಲಿ ನೆನೆಸಿ, ಕಂಪ್ರೆಸರ್ ಗಾಳಿ ಹಾಯಿಸಿ. ಗಟ್ಟಿ ಕಸ ಬಿಡದಿದ್ದರೆ ವಿದ್ಯುತ್ ವೈರಿನ ಒಂದೇ ಒಂದು ತಾಮ್ರದ ಎಳೆ ತೂರಿಸಿ. ಸೂಜಿ, ಸ್ಟೀಲ್ ತಂತಿ, ಕ್ಲಚ್ ಕೇಬಲ್ಲಿನ ಎಳೆ ಹಾಕಿ ತೂತು ದೊಡ್ಡದು ಮಾಡಿದ ಜೆಟ್ ಕಸವಾದಂತೆ. ಆಮೇಲೆ ಎಷ್ಟು ಟ್ಯೂನ್ ಮಾಡಿದರೂ ಕೂರುವುದಿಲ್ಲ. ಜೆಟ್ ತೊಳೆದು ಬಾಡಿ ಬಿಟ್ಟರೂ ಪ್ರಯೋಜನವಿಲ್ಲ. ಜೆಟ್ ಕೂರುವ ಗುಂಡಿಯಿಂದ ಎಂಜಿನ್ ಕಡೆಗೆ ಹೋಗುವ ಸಣ್ಣ ಹಾದಿಗಳಿವೆ. ಕ್ಲೀನರ್ ಒಂದು ಕಡೆ ಬಿಟ್ಟರೆ ಇನ್ನೊಂದು ಕಡೆ ಚಿಮ್ಮುವುದು ಕಾಣಬೇಕು. ಕಣ್ಣಿಗೆ ಕನ್ನಡಕ ಇರಲಿ.

9. ಸ್ಕ್ರೂ ಯಾವ ಕಡೆಗಿದೆ?

ಬದಿಯ ಮಿಕ್ಶ್ಚರ್ ಸ್ಕ್ರೂ ಏರ್ ಫಿಲ್ಟರ್ ಕಡೆಗಿದ್ದರೆ ಅದು ಗಾಳಿಯದು: ಹೊರಗೆ ತಿರುಗಿಸಿದರೆ ಮಿಶ್ರಣ ತೆಳು. ಎಂಜಿನ್ ಕಡೆಗಿದ್ದರೆ ಪೆಟ್ರೋಲಿನದು: ಹೊರಗೆ ತಿರುಗಿಸಿದರೆ ದಪ್ಪ. ಒಂದೇ ಸ್ಕ್ರೂ, ತದ್ವಿರುದ್ಧ ಫಲ. ಗಾಡಿ ಇನ್ನಷ್ಟು ಕೆಟ್ಟಿತೆಂದು ಬೈಯುವವರಲ್ಲಿ ಹಲವರು ಇದನ್ನು ನೋಡಿರುವುದಿಲ್ಲ. ಮೆಲ್ಲಗೆ ಪೂರ್ತಿ ಒಳಗೆ ಕೂರಿಸಿ (ಬಿಗಿದರೆ ಮೊನೆ ಮುರಿಯುತ್ತದೆ), ಅಲ್ಲಿಂದ ಒಂದೂವರೆ ಸುತ್ತು ಹೊರಗೆ ತನ್ನಿ. ಬಿಸಿ ಎಂಜಿನ್ನಿನಲ್ಲಿ ಕಾಲು ಸುತ್ತಿನಂತೆ ಆಚೀಚೆ ಮಾಡಿ, ಐಡಲ್ ಅತಿ ಹೆಚ್ಚಾಗುವ ಜಾಗದಲ್ಲಿ ನಿಲ್ಲಿಸಿ. ಪೆಟ್ರೋಲಿನ ಸ್ಕ್ರೂ ಮೂರು ಸುತ್ತು ದಾಟಿದರೂ ಮಿಶ್ರಣ ತೆಳುವಾಗಿಯೇ ಇದ್ದರೆ ಜೆಟ್ ಇನ್ನೂ ಕಟ್ಟಿದೆ ಅಥವಾ ಚಿಕ್ಕದು.

10. ಜಿಪ್ಸಿಯವರಿಗೆ, ದೊಡ್ಡ ಎಟಿವಿಯವರಿಗೆ

ಮಾರುತಿ ಜಿಪ್ಸಿ 1985ರಲ್ಲಿ 970 ಸಿಸಿ ಎಂಜಿನ್ನಿನೊಂದಿಗೆ ಬಂತು. 1996ರ ಜಿಪ್ಸಿ ಕಿಂಗ್‌ಗೆ 1.3 ಲೀಟರ್ ಎಂಜಿನ್. 2000ದ ಸುಮಾರಿಗೆ ಇಂಜೆಕ್ಷನ್ ಬರುವವರೆಗೂ ಇವಕ್ಕೆ ಕಾರ್ಬೊರೇಟರೇ. ಈ ಕಾರ್ಬೊರೇಟರಿನಲ್ಲಿ ಎಕ್ಸಲೇಟರ್ ತುಳಿದ ಕೂಡಲೇ ಪೆಟ್ರೋಲ್ ಚಿಮ್ಮಿಸುವ ಪುಟ್ಟ ಪಂಪು ಇದೆ. ಎಂಜಿನ್ ಆಫ್ ಮಾಡಿ, ಏರ್ ಕ್ಲೀನರ್ ಮುಚ್ಚಳ ತೆಗೆದು, ಟಾರ್ಚ್ ಹಿಡಿದು ಕಾರ್ಬೊರೇಟರಿನ ಗಂಟಲಿಗೆ ಇಣುಕಿ. ಕೈಯಿಂದ ಲಿವರ್ ಎಳೆದರೆ ಪೆಟ್ರೋಲಿನ ಗಟ್ಟಿ ಎಳೆ ತಕ್ಷಣ ಚಿಮ್ಮಬೇಕು. ತಡವಾಗಿ ಬಂದರೆ, ಜಿನುಗಿದರೆ, ಬರದೇ ಇದ್ದರೆ ಪಂಪಿನ ಡಯಾಫ್ರಾಮ್ ಗಟ್ಟಿಯಾಗಿದೆ ಅಥವಾ ಚಿಮ್ಮುವ ನಳಿಗೆ ಕಟ್ಟಿದೆ. ತುಳಿದೊಡನೆ ಮುಗ್ಗರಿಸಿ ಆಮೇಲೆ ಸಲೀಸಾಗಿ ಓಡುವ ಜಿಪ್ಸಿಯಲ್ಲಿ ಮೊದಲು ನೋಡಬೇಕಾದ್ದು ಇದನ್ನೇ.

ದೊಡ್ಡ ಎಟಿವಿಗಳಲ್ಲಿ ಸ್ಲೈಡನ್ನು ಎತ್ತುವುದು ಕೇಬಲ್ ಅಲ್ಲ, ಎಂಜಿನ್ನಿನ ಎಳೆತ. ಮೇಲಿನ ಮುಚ್ಚಳ ತೆಗೆದು ರಬ್ಬರ್ ಡಯಾಫ್ರಾಮನ್ನು ಬೆಳಕಿಗೆ ಹಿಡಿದು ನಯವಾಗಿ ಹಿಗ್ಗಿಸಿ. ಸೂಜಿಮೊನೆಯಷ್ಟು ತೂತಿದ್ದರೂ ಸ್ಲೈಡ್ ಏರುವುದಿಲ್ಲ. ಅದಕ್ಕೆ ಕಾರ್ಬ್ ಕ್ಲೀನರ್ ತಾಗಿಸಬೇಡಿ, ರಬ್ಬರ್ ಉಬ್ಬಿ ಹಾಳಾಗುತ್ತದೆ.

11. ಸ್ಪಾರ್ಕನ್ನು ಮರೆಯಬೇಡಿ

ಕಾರ್ಬೊರೇಟರಿನ ಮೇಲೆ ಹೊರಿಸುವ ಆರೋಪಗಳಲ್ಲಿ ಎಷ್ಟೋ ಪ್ಲಗ್ಗಿನವು. ಐಡಲ್‌ನಲ್ಲಿ ಹೇಗೋ ಹಾರುವ ಸ್ಪಾರ್ಕ್ ಲೋಡ್ ಬಿದ್ದಾಗ ಸೋಲುತ್ತದೆ, ಲಕ್ಷಣ ಥೇಟ್ ಪೆಟ್ರೋಲ್ ಕೊರತೆಯಂತೆಯೇ. ಪ್ಲಗ್ ತೆಗೆದು ನೋಡಿ: ತುದಿ ಬೆಳ್ಳಗೆ ಸುಟ್ಟಂತಿದ್ದರೆ ತೆಳು ಮಿಶ್ರಣ, ಒಣ ಕರಿ ಮಸಿ ಇದ್ದರೆ ದಪ್ಪ, ತಿಳಿಗಂದು ಇದ್ದರೆ ಸರಿ. ಎಣ್ಣೆಯಿಂದ ಒದ್ದೆಯಾಗಿದ್ದರೆ ಕಾರ್ಬೊರೇಟರಿಗೆ ಸಂಬಂಧವಿಲ್ಲ, ರಿಂಗೋ ವಾಲ್ವ್ ಸೀಲೋ ಹೋಗಿದೆ. ಮಳೆಗಾಲದ ತೇವದಲ್ಲಿ ಕತ್ತಲಾದ ಮೇಲೆ ಬಾನೆಟ್ ಎತ್ತಿ ಎಂಜಿನ್ ಓಡಿಸಿ. ಪ್ಲಗ್ ವೈರಿನ ಮೇಲೆ ನೀಲಿ ಕಿಡಿ ಓಡಾಡುವುದು ಬರಿಗಣ್ಣಿಗೇ ಕಾಣುತ್ತದೆ. ಜಿಪ್ಸಿಯಲ್ಲಿ ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗಿನ ತೇವ ಒರೆಸಿ. ಅದಕ್ಕೆ ಬರುವ ಸಣ್ಣ ವ್ಯಾಕ್ಯೂಮ್ ಪೈಪು ಕಳಚಿದ್ದರೂ ಪಿಕಪ್ ಸಾಯುತ್ತದೆ.

12. ಹಳ್ಳ ದಾಟುವವರೇ, ಆ ಪೈಪು ಎಲ್ಲಿದೆ?

ಫ್ಲೋಟ್ ಬೌಲಿನೊಳಗೆ ಹೊರಗಿನ ಗಾಳಿಯ ಒತ್ತಡ ಇದ್ದರೆ ಮಾತ್ರ ಪೆಟ್ರೋಲ್ ಜೆಟ್ಟಿನ ಮೂಲಕ ಮೇಲೇರುತ್ತದೆ. ಆ ಗಾಳಿ ಬರುವುದು ಕಾರ್ಬೊರೇಟರಿನಿಂದ ಕೆಳಗೆ ಜೋತಾಡುವ ಸಣ್ಣ ರಬ್ಬರ್ ಪೈಪಿನಿಂದ. ಅದನ್ನು ವೇಸ್ಟ್ ಪೈಪೆಂದು ತಿಳಿದವರೇ ಹೆಚ್ಚು. ಹಳ್ಳದ ನಡುವೆ ಅದರ ತುದಿ ನೀರಲ್ಲಿ ಮುಳುಗಿತೋ, ಬೌಲಿಗೆ ಗಾಳಿ ನಿಂತು ಎಂಜಿನ್ ತೊದಲುತ್ತದೆ, ಆಮೇಲೆ ಆರುತ್ತದೆ. ಡ್ರೈವರ್ ಎಂಜಿನ್ನಿಗೆ ನೀರು ಹೋಯಿತೆಂದು ಹೆದರುತ್ತಾನೆ. ದಡಕ್ಕೆ ತಳ್ಳಿದರೆ ಒಂದೇ ಸೆಲ್ಫಿಗೆ ಸ್ಟಾರ್ಟ್! ಆ ಪೈಪಿಗೆ ಟಿ ಆಕಾರದ ಜೋಡಣೆ ಹಾಕಿ, ಒಂದು ಕವಲನ್ನು ಹ್ಯಾಂಡಲ್ ಎತ್ತರಕ್ಕೆ ಕಟ್ಟಿ. ಕೆಸರಿನಲ್ಲಿ ಅದ್ದಿದ ಪೈಪಿನ ತುದಿಗೆ ಕುಂಬಾರ ಹುಳು ಗೂಡು ಕಟ್ಟಿ ಮುಚ್ಚುವುದೂ ಉಂಟು. ಪ್ರತಿ ಸರ್ವಿಸ್‌ನಲ್ಲಿ ಊದಿ ನೋಡಿ.

13. ಘಟ್ಟವನ್ನು ಬೈಯಬೇಡಿ

“ಎತ್ತರಕ್ಕೆ ಹೋದರೆ ಹೀಗೇ” ಎನ್ನುವ ಮಾತು ಲಡಾಖಿಗೆ ಸರಿ, ಜೊಯಿಡಾಕ್ಕಲ್ಲ. ದಾಂಡೇಲಿ ಸಮುದ್ರಮಟ್ಟದಿಂದ ಸುಮಾರು 470 ಮೀಟರ್, ಕ್ಯಾಸಲ್‌ರಾಕ್ 600ರ ಆಸುಪಾಸು. ಪ್ರತಿ 300 ಮೀಟರಿಗೆ ಗಾಳಿ ಶೇ 3ರಷ್ಟು ತೆಳುವಾಗುತ್ತದೆ ಎಂದುಕೊಂಡರೂ ಇವೆರಡರ ನಡುವಿನ ವ್ಯತ್ಯಾಸ ಶೇ ಒಂದೂವರೆ ದಾಟದು. ಕಾರವಾರದಿಂದ ಅಣಶಿ ಘಟ್ಟ ಹತ್ತಿ ಬಂದರೂ ಶೇ 5ರಷ್ಟು. ಮೇಲಾಗಿ ಎತ್ತರಕ್ಕೆ ಹೋದಂತೆ ಮಿಶ್ರಣ ದಪ್ಪವಾಗುತ್ತದೆಯೇ ಹೊರತು ತೆಳುವಾಗುವುದಿಲ್ಲ. ಕಡಿದಾದ ಏರಿನಲ್ಲಿ ಮಾತ್ರ ಮುಗ್ಗರಿಸುವ ಗಾಡಿಯ ಫ್ಲೋಟ್ ಮಟ್ಟ ನೋಡಿ. ಬೌಲ್ ವಾಲಿದಾಗ ಪೆಟ್ರೋಲ್ ಒಂದು ಬದಿಗೆ ಸರಿದು ಜೆಟ್ಟಿನ ಬಾಯಿ ಬರಿದಾಗುತ್ತದೆ.

14. ಒಂದು ಸಲಕ್ಕೆ ಒಂದೇ ಬದಲಾವಣೆ

ಜೆಟ್ ತೊಳೆದು, ಪ್ಲಗ್ ಹಾಕಿ, ಸ್ಕ್ರೂ ತಿರುಗಿಸಿ, ಎಲ್ಲ ಒಟ್ಟಿಗೆ ಮಾಡಿ ಗಾಡಿ ಸರಿಹೋದರೆ ಕಾರಣ ಗೊತ್ತಾಗುವುದಿಲ್ಲ. ಕೆಟ್ಟರೆ ಮೊದಲೇ ಗೊತ್ತಾಗುವುದಿಲ್ಲ. ಒಂದನ್ನು ಬದಲಿಸಿ, ಅದೇ ಏರಿನಲ್ಲಿ, ಅದೇ ಗೇರಿನಲ್ಲಿ ಓಡಿಸಿ, ಟ್ಯಾಂಕಿನ ಮೇಲೆ ಟೇಪು ಅಂಟಿಸಿ ಅದರಲ್ಲೇ ಬರೆದಿಡಿ. ಇಷ್ಟಾದರೂ ಬಗ್ಗದಿದ್ದರೆ ಥ್ರಾಟಲ್ ಶಾಫ್ಟ್ ಅಲ್ಲಾಡಿಸಿ ನೋಡಿ. ಗಡಗಡ ಆಡುತ್ತಿದ್ದರೆ ಕಾರ್ಬೊರೇಟರಿನ ಆಯುಸ್ಸು ಮುಗಿದಿದೆ, ಬದಲಿಸಿ. ಕಂಪನಿಯ ಹೆಸರು ತಪ್ಪಾಗಿ ಅಚ್ಚಾಗಿರುವ ಅಗ್ಗದ ನಕಲು ಬೇಡ. ಅದರಲ್ಲಿ ಜೆಟ್ಟಿನ ಮೇಲೆ ಬರೆದ ನಂಬರಿಗೂ ತೂತಿಗೂ ತಾಳೆಯಾಗುವ ಭರವಸೆ ಇಲ್ಲ.

ಸೀಸನ್ ಮುಗಿದು ಗಾಡಿ ಶೆಡ್ ಸೇರುವ ದಿನ ಕಾಕ್ ಮುಚ್ಚಿ, ಎಂಜಿನ್ ತಾನಾಗಿ ಆರುವವರೆಗೆ ಓಡಿಸಿ, ಬೌಲಿನಲ್ಲಿ ಉಳಿದಷ್ಟನ್ನು ಡ್ರೇನ್ ಮಾಡಿ. ಹೀಗೆ ಮಾಡಿದ ಗಾಡಿ ಅಕ್ಟೋಬರ್‌ನಲ್ಲಿ ಮುಗ್ಗರಿಸುವುದು ಅಪರೂಪ. ಇಳಿಸಿದ ಹಳೆಯ ಪೆಟ್ರೋಲನ್ನು, ಕಾರ್ಬ್ ತೊಳೆದ ಕೊಳೆಯನ್ನು ದಯವಿಟ್ಟು ಹಳ್ಳಕ್ಕೋ ಕಾಡಿಗೋ ಚೆಲ್ಲಬೇಡಿ. ಇಲ್ಲಿನ ಬಹುತೇಕ ಹಳ್ಳಗಳ ನೀರು ಕಾಳಿ ನದಿಗೇ ಸೇರುತ್ತದೆ. ಬಿಗಿ ಮುಚ್ಚಳದ ಕ್ಯಾನಿಗೆ ತುಂಬಿ ನಿಮ್ಮ ಗ್ಯಾರೇಜಿಗೆ ತಲುಪಿಸಿ.